ನಾಗಿಗೆ ದನಿ ಕೊಟ್ಟವಳು

ಡೊಂಬಿವಲಿ ಪೂರ್ವ
12 ಜೂನ್ 2024

ನಾಗಿಗೆ ದನಿ ಕೊಡುವವರಿಗೆ ನಮಸ್ಕಾರ.

ನಿಮ್ಮ ಹೆಸರು ರಮಿತಾ ಎಂದು ನಮ್ಮ ಡಬ್ಬಿಂಗ್ ನಿರ್ದೇಶಕ ಸಮಿತ್ ಹೇಳಿದರು. ಅದಕ್ಕಿಂತ ಹೆಚ್ಚು ಕೇಳಿದ್ದಕ್ಕೆ, ಮೈಕಿನ ಮುಂದೆ ಹೋಗಿ ನಿಲ್ಲಿ ಎಂದರು. ನಾನು ಜಯಶೀಲ. ಹೊಟ್ಟೆಪಾಡಿಗೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ಭಾನುವಾರ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತೇನೆ, ಎಂದರೆ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುತ್ತೇನೆ. ಮಂಗಳವಾರ ಮಾತ್ರ ತುರ್ಭೆಯ ಈ ಸ್ಟುಡಿಯೋಕ್ಕೆ ಬಂದು, ‘ಹೊಗೆನಗರಿ’ ಎಂಬ ಜಪಾನಿನ ಕಾರ್ಟೂನಿನೊಳಗೆ ಹೊಕ್ಕು, ಉದ್ದ ಕೋಟಿನ ಪತ್ತೇದಾರ ತೊಕುರಾ ಆಗುತ್ತೇನೆ.

ವಿಚಿತ್ರ ನೋಡಿ. ‘ಹೊಗೆನಗರಿ’ಯ ಆ ಹಗಲಲ್ಲೂ ದೀಪ ಹಚ್ಚುವ ಊರಿನಲ್ಲಿ ತೊಕುರಾ, ಅವನ ಟೈಪಿಸ್ಟ್ ನಾಗಿ ಆಗಿ ನಾವಿಬ್ಬರೂ ಒಂದೇ ಆಫೀಸಿನಲ್ಲಿ ಕೂರುತ್ತೇವೆ, ಒಂದೇ ಕೊಡೆಯಡಿ ನಡೆಯುತ್ತೇವೆ. ಇಲ್ಲಿ ನೀವು ಗುರುವಾರ, ನಾನು ಮಂಗಳವಾರ. ನನ್ನ ಕಿವಿಗೆ ಹಾಕಿದ ಯಂತ್ರದಲ್ಲಿ ನಿಮ್ಮ ದನಿ ಬರುತ್ತದೆ, ನಿಮ್ಮ ಕಿವಿಗೆ ನನ್ನದು. ಮುಖ ಕಂಡವನಲ್ಲ. ಕಥೆ ಸೋರಿಹೋಗುತ್ತದೆಂದು ಚಾನೆಲಿನವರು ಫೋನನ್ನು ಬಾಗಿಲಲ್ಲೇ ಇಟ್ಟುಕೊಳ್ಳುತ್ತಾರೆ, ಕಲಾವಿದರು ನಂಬರ್ ಕೊಡಬಾರದು ಎಂದು ಸಹಿ ಬೇರೆ ಹಾಕಿಸಿಕೊಂಡಿದ್ದಾರೆ. ಕಾಗದದ ಬಗ್ಗೆ ಯಾರೂ ಏನೂ ಹೇಳಿಲ್ಲ. ಆದ್ದರಿಂದ ಇದನ್ನು ರೆಕಾರ್ಡಿಂಗ್ ಮಾಡುವ ವಿಶಾಲ್ ಕೈಯಲ್ಲಿ ಕೊಟ್ಟಿದ್ದೇನೆ.

ಈಗ ನನ್ನ ತಕರಾರು. ಮನುಷ್ಯರ ವೇಷದಲ್ಲಿ ತಿರುಗುವ ಯಂತ್ರಗಳನ್ನು ಹಿಡಿದು ಸರಕಾರಕ್ಕೆ ಒಪ್ಪಿಸುವುದು ತೊಕುರಾನ ಕಸುಬು. ಅವನೆದುರೇ ಟೈಪ್ ಮಾಡುತ್ತ ಕೂತ ನಾಗಿ ಅಂಥ ಯಂತ್ರ. ಬಂದರಿನ ತಳದಲ್ಲಿ ಮಲಗಿರುವ ಬೆಟ್ಟದಷ್ಟು ದೊಡ್ಡ ಲೋಹದೈತ್ಯ ಏಳುವುದೂ ಅವಳು ಕರೆದರೆ ಮಾತ್ರ. ಇದು ನೋಡುವವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಪತ್ತೇದಾರರ ಹಣೆಬರಹವೇ ಅಷ್ಟು. ನಾಲ್ಕನೆಯ ಕಂತಿನಲ್ಲಿ ಅವನು ಬೆನ್ನು ತಿರುಗಿಸಿ ನಿಂತಿದ್ದಾನೆ, ಬಾಯಿ ಕಾಣುವುದಿಲ್ಲ. ಬಾಯಿ ಕಾಣದ ಕಡೆ ಒಂದು ಮಾತು ಸೇರಿಸದಿದ್ದರೆ ನಾನು ಅರ್ಥಧಾರಿಯೇ ಅಲ್ಲ. ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಕೇಳಿಯೇಬಿಟ್ಟೆ: “ನಿನಗೆ ಚಳಿಯೇ ಆಗುವುದಿಲ್ಲವಲ್ಲ ನಾಗಿ, ಯಾವ ತಾಯಿಯ ಮಗಳು ನೀನು?” ಮುಂದಿನ ವಾರ ಉತ್ತರಕ್ಕೆ ಕಾದೆ. ನೀವು ಸ್ಕ್ರಿಪ್ಟಿನಂತೆ “ಟ್ರಾಮ್ ಬಂತು” ಎಂದಿರಿ.

ತಾಳಮದ್ದಲೆಯಲ್ಲಿ ಎದುರಾಳಿ ಎಸೆದ ಮಾತನ್ನು ನೆಲಕ್ಕೆ ಬೀಳಲು ಬಿಡುವುದು ಅವಮಾನ. ಇಲ್ಲವೇ ಗಿಣಿಪಾಠ. ನಿಮ್ಮದು ಯಾವುದು? ಬೇಸರವಿಲ್ಲ, ಕುತೂಹಲ. ನಾಗಿಯ ಆ ದನಿಯನ್ನು ಎಲ್ಲಿಂದ ಹಿಡಿದಿರಿ ಎಂದೂ ತಿಳಿಸಿ.

ಜಯಶೀಲ


ಕಾಮೋಠೆ
27 ಜೂನ್ 2024

ಶ್ರೀ ಜಯಶೀಲರಿಗೆ ರಮಿತಾ ಮಾಡುವ ವಂದನೆಗಳು. ಇಲ್ಲಿ ಎಲ್ಲರೂ ಸೌಖ್ಯ, ಅಲ್ಲಿ ತಮ್ಮ ಸೌಖ್ಯವನ್ನು ಹಾರೈಸುತ್ತೇವೆ.

ತಮ್ಮ ಕಾಗದವನ್ನು ಮನೆಗೆ ತಂದು ಓದಿದ್ದಾಯಿತು. ಓದುವಾಗ ಒಲೆಯ ಮೇಲಿನ ಹಾಲು ಉಕ್ಕಿತು ಎಂದರೆ ತಮಗೆ ಜಂಬ ಬಂದೀತು, ಆದ್ದರಿಂದ ಹೇಳುವುದಿಲ್ಲ.

ಮಾತು ನೆಲಕ್ಕೆ ಬಿತ್ತು ಎಂದು ಬರೆದಿದ್ದೀರಿ. ಎಸೆದದ್ದು ಗೊತ್ತಾದರೆ ತಾನೇ ಹಿಡಿಯುವುದು? ಸ್ಕ್ರಿಪ್ಟಿನಲ್ಲಿ ಏನಿದೆಯೋ ಅಷ್ಟೇ, ಒಂದಕ್ಷರ ಆಚೆ ಈಚೆ ಆಗಬಾರದು ಎಂದು ಸಮಿತ್ ಮೊದಲ ದಿನವೇ ಹೇಳಿದ್ದಾರೆ. ಇಷ್ಟು ವರ್ಷ ಗುಂಪಿನ ಗದ್ದಲಕ್ಕೆ, ತೊಟ್ಟಿಲ ಮಗುವಿನ ಅಳುವಿಗೆ, ಮೆಟ್ಟಿಲಿಂದ ಬೀಳುವ ಹೆಂಗಸಿನ ಕಿರುಚಾಟಕ್ಕೆ ದನಿ ಕೊಟ್ಟದ್ದು. ಹೆಸರಿರುವ ಪಾತ್ರ ಇದೇ ಮೊದಲು. ಕಂತಿನ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ರಮಿತಾ ಎಂದು ಬರುತ್ತದಂತೆ. ಅದು ತಪ್ಪಿಹೋದರೆ ಈ ಮನೆ ತಡೆದುಕೊಳ್ಳುವುದಿಲ್ಲ.

ನಾಗಿಯ ದನಿಯ ಗುಟ್ಟು ಯಾರಿಗೂ ಹೇಳಿಲ್ಲ, ತಮಗೆ ಹೇಳಬಹುದು ಅನಿಸಿತು. ಪನ್ವೆಲ್ ಸ್ಟೇಷನ್ನಿನ ಮೈಕಿನಲ್ಲಿ ಗಾಡಿ ತಡ ಎಂದು ಒಬ್ಬಳು ಹೇಳುತ್ತಾಳಲ್ಲ. ಅವಳಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ. ಜನ ಎಷ್ಟು ಬೈದರೂ ಅದೇ ದನಿಯಲ್ಲಿ ಕ್ಷಮೆ ಕೇಳುತ್ತಾಳೆ. ನಾಗಿ ಅವಳ ತಂಗಿ. ಒಳಗೆ ಹೋಗುವ ಮುಂಚೆ ಅವಳನ್ನು ನೆನೆಸಿಕೊಂಡರೆ ಆಯಿತು, ಗಂಟಲು ತಾನಾಗಿ ಸಮ ಆಗುತ್ತದೆ.

ಹೋಟೆಲಿನ ಗಲ್ಲಾದಲ್ಲಿ ಕೂತವರು ಊಟವನ್ನೂ ಅಲ್ಲೇ ಮಾಡುತ್ತಾರೋ? ಕೇಳಬಾರದಿದ್ದರೆ ಬಿಡಿ.

ಇತಿ, ರಮಿತಾ


ಡೊಂಬಿವಲಿ ಪೂರ್ವ
24 ಜುಲೈ 2024

ರಮಿತಾ ಅವರಿಗೆ,

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಹೆಂಡತಿ ತೀರಿಕೊಂಡ ಮೇಲೆ ಎರಡು ಹೊತ್ತೂ ಹೋಟೆಲಿನದೇ ಊಟ. ಆ ಪ್ರಶ್ನೆಯನ್ನು ಯಾರು ಕೇಳಿದ್ದರೂ ಸರಿ, ಕೇಳಿದ್ದು ಹಿತವಾಯಿತು.

ಯಾರು ಕೇಳಿದ್ದರೂ ಎಂದು ಬರೆದದ್ದು ಕೈತಪ್ಪಿ ಅಲ್ಲ. ನಿಮ್ಮ ದನಿಗೆ ಇಪ್ಪತ್ತೈದು ದಾಟಿಲ್ಲ, ನಿಮ್ಮ ಅಕ್ಷರಕ್ಕೆ ಅರವತ್ತು ಆಗಿದೆ. ನವಿ ಮುಂಬಯಿಯ ಯಾವ ಹುಡುಗಿ ಇವತ್ತು ‘ಸೌಖ್ಯವನ್ನು ಹಾರೈಸುತ್ತೇವೆ’ ಎಂದು ಬರೆಯುತ್ತಾಳೆ? ನಮ್ಮ ಹೋಟೆಲಿಗೆ ಬರುವ ಮಂಗಳೂರು ಕಡೆಯ ಮಕ್ಕಳು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ನಿಮ್ಮ ಇಡೀ ಕಾಗದದಲ್ಲಿ ‘ನಾನು’ ಎಂಬ ಮಾತೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಉಕ್ಕಿದರೂ ಅಲ್ಲ.

ಇನ್ನೂ ಇದೆ. ಮೊನ್ನೆ ಗುರುವಾರ ಮಳೆಗೆ ಹಾರ್ಬರ್ ಲೈನಿನ ಗಾಡಿಗಳೇ ನಿಂತಿದ್ದವು. ನಾನು ಯಾವುದೋ ನೆವ ಮಾಡಿ ತುರ್ಭೆಗೆ ಬಂದು ಸ್ಟುಡಿಯೋದ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೆ. ನೀವು ಬರಲಿಲ್ಲ. ಆದರೂ ಮಂಗಳವಾರ ನಿಮ್ಮ ಮಾತು ನನ್ನ ಕಿವಿಯಲ್ಲಿತ್ತು. ವಿಶಾಲನನ್ನು ಕೇಳಿದೆ, ಆ ಹುಡುಗಿ ಹೇಗೆ ಎಂದು. ಅವನು ನಕ್ಕು, “ಅರೇ ಕಾಕಾ, ವೋ ತೋ ಮಶೀನ್ ಹೈ” ಎಂದ. ನಗುತ್ತ ಹೇಳಿದ್ದನ್ನೇ ನಾನು ಹೆಚ್ಚು ನಂಬುವುದು.

ಏಳು ಮತ್ತು ಒಂಬತ್ತನೆಯ ಕಂತಿನಲ್ಲೂ ನಿಮಗೆ ಮಾತು ಎಸೆದೆ. ಎರಡೂ ನೆಲದ ಮೇಲಿವೆ. ತೊಕುರಾನಿಗೆ ತನ್ನ ಟೈಪಿಸ್ಟಿನ ಮೇಲೆ ಅನುಮಾನ ಬರುವುದು ಒಂಬತ್ತರಲ್ಲೇ. ನನಗೂ ಅದೇ ಹೊತ್ತಿಗೆ ಬಂದದ್ದು ಕಾಕತಾಳೀಯ ಎಂದು ನೀವು ಸಾಧಿಸಬೇಕಾದರೆ, ಬರುವ ಭಾನುವಾರ ಡೊಂಬಿವಲಿಗೆ ನಮ್ಮ ತಾಳಮದ್ದಲೆ ಕೇಳಲು ಬನ್ನಿ. ಬಂದು ನನ್ನೆದುರು ಒಂದೇ ಒಂದು ಮಾತಾಡಿ ಹೋಗಿ.

ಜಯಶೀಲ


ಕಾಮೋಠೆ
9 ಆಗಸ್ಟ್ 2024

ಶ್ರೀ ಜಯಶೀಲರಿಗೆ,

ಗುರುವಾರ ಗಾಡಿ ಇಲ್ಲದಿದ್ದರೆ ಶುಕ್ರವಾರ ಇರುತ್ತದೆ. ಶುಕ್ರವಾರವೂ ಚಹಾದಂಗಡಿಯಲ್ಲಿ ಕೂತಿದ್ದರೆ ತಮ್ಮ ಅನುಮಾನ ಚಹಾದ ಜೊತೆ ಇಳಿದುಹೋಗುತ್ತಿತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುವುದು ಇದಕ್ಕೇ.

ಭಾನುವಾರ ಬರಲಾಗಲಿಲ್ಲ. ಮನೆಯಲ್ಲಿ ಮಂಡಿನೋವಿನವರಿದ್ದಾರೆ, ಅವರನ್ನು ಬಿಟ್ಟು ಹೊರಡುವುದು ಕಷ್ಟ. ಇದನ್ನೂ ತಾವು ನಂಬುವುದಿಲ್ಲ. ಒಮ್ಮೆ ಅನುಮಾನದ ಕನ್ನಡಕ ಹಾಕಿದವರಿಗೆ ಬೇವೂ ಕಹಿ, ಬೆಲ್ಲವೂ ಕಹಿ.

ತಮ್ಮ ಮೊದಲ ಕಾಗದ ಓದಿ ಇಡೀ ದಿನ ನಗು. ಎರಡನೆಯದು ಪೊಲೀಸ್ ಠಾಣೆಯಲ್ಲಿ ಬರೆಸಿಕೊಂಡ ಹೇಳಿಕೆಯ ಹಾಗಿದೆ. ನಡುವೆ ಏನಾಯಿತು? ಯಂತ್ರದ ದನಿಗಳ ವಿರುದ್ಧ ಡೊಂಬಿವಲಿಯಲ್ಲಿ ದನಿ ಕಲಾವಿದರ ಸಭೆ ಆಯಿತಂತೆ, ಯಾರ ಮೇಲೆ ಸಂಶಯವಿದೆಯೋ ಅವರ ಬಗ್ಗೆ ಬರೆದುಕೊಡಿ ಎಂದರಂತೆ. ಹೆಸರು ಹಾಕಬೇಕಾಗಿಲ್ಲವಂತೆ. ತಾವು ಹೋಗಿದ್ದಿರಾ? ಸುಮ್ಮನೆ ಕೇಳಿದ್ದು.

ನಾಗಿಯ ಕೈ ಬಿಸಿಯೋ ತಣ್ಣಗೋ ಎಂದು ಹಿಡಿದು ನೋಡಲು ಹೊರಟ ತೊಕುರಾ ತನ್ನ ಕೈಗವಸನ್ನು ಮಾತ್ರ ತೆಗೆಯುವುದಿಲ್ಲ. ಆ ದೃಶ್ಯ ನೋಡಿದಾಗ ತಮ್ಮ ನೆನಪಾಯಿತು.

ರಮಿತಾ


ಡೊಂಬಿವಲಿ ಪೂರ್ವ
3 ಸೆಪ್ಟೆಂಬರ್ 2024

ಮಾನ್ಯ ರಮಿತಾ ಅವರಿಗೆ ಸಾದರ ಪ್ರಣಾಮಗಳು.

ತಮ್ಮ ಪತ್ರ ತಲುಪಿತು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆ ಇರಲಿ. ಚೌತಿಯ ಗಡಿಬಿಡಿಯಲ್ಲಿ ಹೋಟೆಲಿನಲ್ಲಿ ಕೆಲಸ ವಿಪರೀತ. ಸಭೆಗೆ ಹೋಗಿದ್ದೆ. ಎಲ್ಲರೂ ಹೋಗಿದ್ದರು. ಚಹಾ ಚೆನ್ನಾಗಿತ್ತು.

ತಮ್ಮ ಕಲೆಯ ಬಗ್ಗೆ ನನಗೆ ಅಪಾರ ಗೌರವವಿದೆ. ತಮ್ಮ ಕಾಗದಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಮಂಡಿನೋವಿನವರಿಗೆ ನನ್ನ ನಮಸ್ಕಾರ ತಿಳಿಸಿ.

ತಮ್ಮ ವಿಶ್ವಾಸಿ,
ಜಯಶೀಲ


ಕಾಮೋಠೆ
18 ಅಕ್ಟೋಬರ್ 2024
(ಅಂಚೆಯಲ್ಲಿ, ವಿಶಾಲ್ ಕೊಟ್ಟ ಹೋಟೆಲಿನ ವಿಳಾಸಕ್ಕೆ; ಹಿಂಬದಿಯಲ್ಲಿ ಕಳಿಸಿದವರ ವಿಳಾಸ)

ಜಯಶೀಲರೇ,

ನಾನು ನಳಿನಾಕ್ಷಿ. ರಮಿತಾಳ ತಾಯಿ. ಮಂಡಿನೋವಿನವಳು. ಅರವತ್ತು ವರ್ಷದ ಅಕ್ಷರ ನನ್ನದು. ಅಷ್ಟು ಮಾತ್ರ ನೀವು ಸರಿಯಾಗಿ ಕಂಡುಹಿಡಿದಿರಿ.

ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಹೊರಗೆ ಹಿಂದಿ. ಕನ್ನಡ ಓದಲು ಬರುವವರೇ ಬೇಕು ಎಂದು ಸಮಿತ್ ಹೇಳಿದಾಗ ಅವಳು ಬರುತ್ತದೆ ಎಂದುಬಿಟ್ಟಳು. ನಾನು ಅವಳ ಸ್ಕ್ರಿಪ್ಟಿನ ಪ್ರತಿ ಸಾಲನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ, ಅವಳು ಅಡಿಗೆಮನೆಯಲ್ಲಿ ನಿಂತು ನನ್ನೆದುರು ಹೇಳಿ ಹೇಳಿ ಬಾಯಿಪಾಠ ಮಾಡುತ್ತಿದ್ದಳು. ಒಮ್ಮೆಗೇ ಸರಿ ಹೇಳುತ್ತಾಳೆ ಎಂದು ವಿಶಾಲ್ ಅವಳನ್ನು ಮಶೀನ್ ಎಂದು ಕರೆಯುವುದು. ಅದು ಹೊಗಳಿಕೆ. ನೀವು ಎಸೆದ ಮಾತನ್ನು ಹಿಡಿಯಲು ಅವಳ ಕೈಯಲ್ಲಿ ಮಾತು ಎಲ್ಲಿತ್ತು? ನಿಮ್ಮ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ, ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಹಾಲಿನ ಮಾತು, ಊಟದ ಮಾತು ನಾನೇ ಸೇರಿಸಿದ್ದು. ಬಾಯಿ ಕಾಣದ ಕಡೆ ಮಾತು ಸೇರಿಸುವುದು ನಿಮಗೊಬ್ಬರಿಗೇ ಗೊತ್ತು ಅಂದುಕೊಳ್ಳಬೇಡಿ.

ಕಳೆದ ವಾರ ಅವಳನ್ನು ಸ್ಟುಡಿಯೋಕ್ಕೆ ಕರೆಸಿದರು. ನಾನೂ ರಿಕ್ಷಾ ಮಾಡಿಕೊಂಡು ಹೋದೆ. ಚಾನೆಲಿನ ಇಬ್ಬರು ಕೂತಿದ್ದರು. ದೂರು ಬಂದಿದೆ ಎಂದು ಸಮಿತ್ ಓದಿ ಹೇಳಿದರು. ‘ಈ ದನಿಯನ್ನು ರೈಲ್ವೆ ಸ್ಟೇಷನ್ನಿನ ಯಂತ್ರದ ದನಿಯಿಂದ ಮಾಡಿದ್ದು ಎಂದು ಅವರೇ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದಾರೆ.’ ರಮಿತಾ ನನ್ನ ಮುಖ ನೋಡಿದಳು. ಪನ್ವೆಲಿನ ಆ ಹೆಂಗಸಿನ ವಿಷಯ ನಾವು ಹೇಳಿದ್ದು ನಿಮ್ಮೊಬ್ಬರಿಗೆ.

ಸ್ಕ್ರಿಪ್ಟಿಲ್ಲದೆ ಕನ್ನಡದಲ್ಲಿ ಏನಾದರೂ ಮಾತಾಡಿ ಎಂದರು. ಅವಳು ಹಿಂದಿಯಲ್ಲಿ ಉತ್ತರ ಕೊಟ್ಟಳು. ಮತ್ತೆ ಕೇಳಿದರು, ಮತ್ತೆ ಹಿಂದಿ. ಅವಳು ಮನುಷ್ಯಳು ಎನ್ನುವುದು ಅವರಿಗೆ ಗೊತ್ತಾಯಿತು, ಎದುರಿಗೇ ಅಳುತ್ತಿದ್ದಳಲ್ಲ. ಆದರೆ ಭಾಷೆ ಬಾರದವಳು ಯಾಕೆ ಎಂದರು. ಇನ್ನು ಬರಬೇಡ ಎಂದರು.

ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲಿದೆ. ಆ ಗುಟ್ಟನ್ನು ಬರೆಯಬೇಡ ಎಂದು ಅವಳು ಹೇಳಿದ್ದಳು. ಓದುವವರು ಒಳ್ಳೆಯವರು, ಬರೆಯೋಣ ಎಂದವಳು ನಾನು.

ನಳಿನಾಕ್ಷಿ


ಡೊಂಬಿವಲಿ ಪೂರ್ವ
23 ಅಕ್ಟೋಬರ್ 2024

ನಳಿನಾಕ್ಷಿಯವರಿಗೆ,

ದೂರು ನನ್ನದೇ. ಆದರೆ ನನ್ನ ಕಡೆಯ ಅರ್ಥವನ್ನೂ ಕೇಳಿ. ಸಭೆಯಲ್ಲಿ ಕೆಲಸ ಕಳೆದುಕೊಂಡವರು ಎದ್ದೆದ್ದು ಮಾತಾಡಿದರು. ನನ್ನ ಕೈಯಲ್ಲಿ ನಿಮ್ಮ ಕಾಗದವಿತ್ತು. ಯಂತ್ರದ ತಂಗಿ ಎಂದು ಬರೆದದ್ದನ್ನು ನಾನು ಕವಿತೆ ಎಂದು ಓದಬೇಕಿತ್ತೋ, ಸಾಕ್ಷಿ ಎಂದೋ? ‘ನನಗೆ ಕನ್ನಡ ಬಾರದು’ ಎಂಬ ಒಂದು ಸಾಲನ್ನು ನೀವು ಬರೆದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಮುಚ್ಚಿಟ್ಟವರು ನೀವು, ಕಳ್ಳನಾದವನು ನಾನು.

ಸಮಿತ್ ಹತ್ತಿರ ಮಾತಾಡುತ್ತೇನೆ. ಸರಿ ಮಾಡುತ್ತೇನೆ. ಒಂದು ಸಾಲು ಬರೆಯಿರಿ.

ಜಯಶೀಲ


ಡೊಂಬಿವಲಿ ಪೂರ್ವ
4 ಡಿಸೆಂಬರ್ 2024

ನಳಿನಾಕ್ಷಿಯವರಿಗೆ,

ನೀವು ಉತ್ತರ ಬರೆಯಲಿಲ್ಲ. ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯುವಂಥದ್ದೂ ಏನಿರಲಿಲ್ಲ. ಅದನ್ನು ಹರಿದು ಒಲೆಗೆ ಹಾಕಿದ್ದೀರೆಂದು ಆಸೆಪಡುತ್ತೇನೆ.

ದೂರನ್ನು ಹಿಂತೆಗೆದುಕೊಂಡೆ. ಹೆಸರಿಲ್ಲದ ದೂರನ್ನು ಹಿಂತೆಗೆಯಲು ಹೆಸರು ಹೇಳಬೇಕಾಯಿತು, ಹೇಳಿದೆ. ಅದರಿಂದ ಏನೂ ಆಗಲಿಲ್ಲ. ಆದರೆ ಹೋದ ತಿಂಗಳು ಒಂದು ಮಂಗಳವಾರ ಕಿವಿಯಲ್ಲಿ ಮತ್ತೆ ನಿಮ್ಮ ಮಗಳ ದನಿ ಬಂತು. ಅದೇ ದನಿ, ಅದೇ ನಾಗಿ. ಕರೆಸಿಕೊಂಡಿದ್ದಾರೆ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅಭ್ಯಾಸಬಲದಿಂದ ಬಾಯಿ ಕಾಣದ ಕಡೆ ಒಂದು ಮಾತು ಎಸೆದೆ: “ನಿನ್ನನ್ನು ಒಪ್ಪಿಸಿದವರ ಹೆಸರು ಗೊತ್ತಾದರೆ ಏನು ಮಾಡುತ್ತೀ?” ಮುಂದಿನ ವಾರ ಉತ್ತರ ಬಂದಿತ್ತು. “ಹೆಸರು ಬೇಡ, ದನಿ ಕೇಳಿದರೆ ಸಾಕು, ಗೊತ್ತಾಗುತ್ತದೆ.” ನಡುವೆ ಒಂದು ಸಣ್ಣ ಉಸಿರು, ಕೊನೆಗೆ ನಕ್ಕಂತೆ ಇನ್ನೊಂದು. ಮೂವತ್ತು ವರ್ಷ ಅರ್ಥ ಹೇಳಿದ್ದೇನೆ, ಅಂಥ ಉತ್ತರ ನನಗೆ ಯಾರೂ ಕೊಟ್ಟಿಲ್ಲ. ಕನ್ನಡ ಕಲಿತುಬಿಟ್ಟಳಲ್ಲ ಹುಡುಗಿ ಎಂದು ನಾನು ಕಣ್ಣು ಒರೆಸಿಕೊಂಡೆ.

ಹೊರಗೆ ಬಂದು ಸಮಿತ್ ಕೈ ಹಿಡಿದು ಕುಲುಕಿದೆ. ಅವರು ಮುಖ ಆಚೆ ತಿರುಗಿಸಿದರು. ರಮಿತಾ ಬಂದಿಲ್ಲ. ಅವಳು ಇಷ್ಟು ತಿಂಗಳು ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿದ್ದಾರೆ. ಆ ಉತ್ತರ ಬರೆದದ್ದೂ ಅದೇ, ಹೇಳಿದ್ದೂ ಅದೇ. ಯಂತ್ರ ಅಂತ ನಿಮ್ಮ ಕಲಾವಿದರಿಗೇ ಅನಿಸಿದ ಮೇಲೆ ನೋಡುವವರಿಗೆ ಏನು ವ್ಯತ್ಯಾಸ, ಯಂತ್ರದ ಪಾತ್ರಕ್ಕೆ ಯಂತ್ರವೇ ದನಿ ಕೊಟ್ಟಿದೆ ಎಂದು ಜಾಹೀರಾತು ಮಾಡೋಣ ಎಂದರಂತೆ ಚಾನೆಲಿನವರು. ಸಮಿತ್ ಮೆಲ್ಲಗೆ ಹೇಳಿದರು, “ಐಡಿಯಾ ನಿಮ್ಮ ಲೆಟರ್‌ನಿಂದಲೇ ಬಂದದ್ದು ಸರ್.”

ಕೊನೆಯ ಎರಡು ಕಂತು ಉಳಿದಿದ್ದವು. ನಾನು ಮಾಡುವುದಿಲ್ಲ ಎಂದು ಹೇಳಿ ಫೋನ್ ತೆಗೆದುಕೊಂಡು ಬಂದುಬಿಟ್ಟೆ. ಆ ಕಂತುಗಳಲ್ಲಿ ತೊಕುರಾ ಏನು ಹೇಳಬೇಕಿತ್ತೋ ಓದಿಯೂ ನೋಡಿಲ್ಲ. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ.

ನನಗೆ ನಾಚಿಕೆಯಾಗುತ್ತದೆ. ನಿಮ್ಮ ಕಾಗದಗಳಿಲ್ಲದೆ ಮಂಗಳವಾರ ಬಿಕೋ ಎನ್ನುತ್ತದೆ. ಇದನ್ನು ಬೇರೆ ಯಾವ ರೀತಿಯಲ್ಲೂ ಹೇಳಲು ಬರುವುದಿಲ್ಲ.

ಜಯಶೀಲ


ಕಾಮೋಠೆ
20 ಜನವರಿ 2025

ಜಯಶೀಲ ಅಂಕಲ್,

ನಾನು ರಮಿತಾ. ಇದು ನನ್ನ ಅಕ್ಷರ. ಅಕ್ಟೋಬರ್‌ನಿಂದ ಕಲಿಯುತ್ತಾ ಇದ್ದೇನೆ. ತಪ್ಪು ಇದ್ದರೆ ಮಾಫ್ ಮಾಡಿ. ಅಮ್ಮನಿಂದ ಬರೆಸಲು ಆಗಲಿಲ್ಲ. ಇದು ಅಮ್ಮನಿಗೆ ಗೊತ್ತಾಗಬಾರದು.

ನಿಮ್ಮ ಡಿಸೆಂಬರ್ ಕಾಗದ ಪೋಸ್ಟ್‌ಮ್ಯಾನ್ ನನ್ನ ಕೈಯಲ್ಲಿ ಕೊಟ್ಟ. ನಾನು ಅದನ್ನು ಅಮ್ಮನಿಗೆ ತೋರಿಸಲಿಲ್ಲ. ಮೆಲ್ಲ ಮೆಲ್ಲ ನಾನೇ ಓದಿದೆ. ಮೂರು ನಾಲ್ಕು ದಿನ ಹಿಡಿಯಿತು. ನನ್ನ ದನಿ ನನ್ನನ್ನು ಬಿಟ್ಟು ಮಾತಾಡುತ್ತದೆ ಅಂತ ಅಮ್ಮನಿಗೆ ಹೇಗೆ ಹೇಳುವುದು? ನನ್ನ ಹಾಗೆ ಮಾತಾಡುವ ಬೇರೆ ಹುಡುಗಿ ಸ್ಟುಡಿಯೋದವರಿಗೆ ಸಿಕ್ಕಿದ್ದಾಳೆ ಅಂತ ಹೇಳಿದ್ದೇನೆ. ನಾನು ಈಗ ಮತ್ತೆ ಗುಂಪಿನಲ್ಲಿ ಕಿರುಚುತ್ತೇನೆ. ಕನ್ನಡದ ಕೆಲಸ ಬಂದರೆ ಈಗ ಓದಲು ಬರುತ್ತದೆ, ಆದರೆ ಯಾರೂ ಕರೆಯುವುದಿಲ್ಲ. ನಿಮ್ಮ ಮೇಲೆ ನನ್ನ ಸಿಟ್ಟು ಹೋಗಿಲ್ಲ. ಸುಳ್ಳು ಬರೆಯುವುದಿಲ್ಲ.

ಅಮ್ಮ ಸಿಟ್ಟಿನಲ್ಲಿದ್ದರೂ ‘ಹೊಗೆನಗರಿ’ ಬಿಡಲಿಲ್ಲ. ಪ್ರತಿ ಶನಿವಾರ ನೋಡುತ್ತಿದ್ದರು. ನೋಡುತ್ತಾ ನಿಮ್ಮನ್ನು ಬೈಯುತ್ತಿದ್ದರು. ಮೊನ್ನೆ ಲಾಸ್ಟ್ ಎಪಿಸೋಡ್ ಬಂತು. ನಾಗಿ ಕರೆಯುತ್ತಾಳೆ, ಲೋಹದೈತ್ಯ ಸಮುದ್ರದಿಂದ ಎದ್ದು ನಿಲ್ಲುತ್ತದೆ. ಅವಳು ಅದರ ಒಳಗೆ ಹೋಗುವ ಮುಂಚೆ ತೊಕುರಾ ಟೋಪಿ ತೆಗೆದು ಹೇಳುತ್ತಾನೆ. “ನಿನ್ನನ್ನು ಒಪ್ಪಿಸಿದವನು ನಾನು. ನನ್ನನ್ನು ಕ್ಷಮಿಸು.”

ನಿಮ್ಮ ದನಿ ಅಂಕಲ್. ಸ್ವಲ್ಪ ನಡುಗುತ್ತಿತ್ತು. ‘ನನ್ನನ್ನು’ ಅನ್ನುವಾಗ ಉಸಿರು ಸಿಕ್ಕಿಕೊಂಡ ಹಾಗೆ ಆಯಿತು. ಆ ಎರಡು ಎಪಿಸೋಡ್ ನೀವು ಮಾಡಲಿಲ್ಲ ಅಂತ ನಿಮ್ಮ ಕಾಗದದಲ್ಲಿ ಇದೆ. ನನಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ.

ಅಮ್ಮ ತುಂಬಾ ಅತ್ತರು. ಅವನು ಕ್ಷಮೆ ಕೇಳಿದ್ದು ನಮ್ಮ ಹತ್ತಿರ, ಇಷ್ಟು ಜನರ ಎದುರು ಕೇಳಿದ ಅಂತ ಹೇಳಿದರು. ಸ್ಕ್ರಿಪ್ಟಿನಲ್ಲಿ ಇರಲಿಕ್ಕಿಲ್ಲ, ಅವನೇ ಸೇರಿಸಿದ್ದು ಅಂತಲೂ ಹೇಳಿದರು. ಆಮೇಲೆ ನಿಮ್ಮ ಮೊದಲನೇ ಕಾಗದ ತೆಗೆದು ಓದಿದರು. ಅಕ್ಟೋಬರ್ ಆದ ಮೇಲೆ ಮೊನ್ನೆಯೇ ಅಮ್ಮ ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದು.

ನಿಮ್ಮನ್ನು ಮನೆಗೆ ಕರೆಯಬೇಕಂತೆ. ನಾನೇ ಬರೆಯುತ್ತೇನೆ ಅಂತ ಹೇಳಿ ತಪ್ಪಿಸಿಕೊಂಡೆ. ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದರೆ ರಿಕ್ಷಾ ಸಿಗುತ್ತದೆ. ಮನೆಯ ನಂಬರ್ ಕವರಿನ ಹಿಂದೆ ಇದೆ.

ಅಮ್ಮ ಕೇಳುತ್ತಾರೆ, ಆ ಮಾತು ನೀವೇ ಹೇಳಿದ್ದಾ ಅಂತ. ಹೌದು ಅಂತ ಹೇಳಲು ಆಗುವುದಾದರೆ ಬನ್ನಿ.

ರಮಿತಾ